ಬಚ್ಚಲುಮನೆಯ ಜಮಾಖರ್ಚು

ಚರಿತ್ರೆಯ ಪುಸ್ತಕಗಳಲ್ಲಿ ಅರಮನೆಗೆ ಪುಟಗಳಿವೆ, ಕೋಟೆಗೆ ಪುಟಗಳಿವೆ, ಗುಡಿ-ಗೋಪುರಗಳಿಗಂತೂ ಅಧ್ಯಾಯಗಳೇ ಇವೆ. ದಿನ ಬೆಳಗಾದರೆ ಮನುಷ್ಯ ಮೊದಲು ಹೊಕ್ಕು ಹೊರಬರುವ ಬಚ್ಚಲುಮನೆಗೆ ಮಾತ್ರ ಅರ್ಧ ಪುಟವೂ ದೊರೆತಂತಿಲ್ಲ. ಆದರೆ ಮುಂಬಯಿಯಲ್ಲಿ ನೆಲೆಸಿದ ನಮ್ಮಂಥವರ ಮನೆಯ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದರೆ, ಮಕ್ಕಳ ಓದು, ಮದುವೆ, ಊರಿನ ಮನೆಯ ಹೆಂಚು ಇವುಗಳ ಸಾಲಿನಲ್ಲಿಯೇ ಒಂದಲ್ಲ ಒಂದು ವರ್ಷ ಬಾತ್‌ರೂಮಿನ ರಿಪೇರಿ ಎಂಬ ದೊಡ್ಡ ಮೊತ್ತವೂ ಕಾಣಿಸುತ್ತದೆ. ಅದು ಅಂದುಕೊಂಡದ್ದಕ್ಕಿಂತ ಯಾವಾಗಲೂ ಹೆಚ್ಚಾಗಿರುತ್ತದೆ. ಹಾಗೇಕೆ ಆಗುತ್ತದೆ ಎಂದು ಯೋಚಿಸಹೊರಟರೆ ಪ್ರಶ್ನೆ ಗೌಂಡಿಯ ಕೂಲಿಯಲ್ಲಿ ಮುಗಿಯುವುದಿಲ್ಲ. ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಬಚ್ಚಲಿನ ಚರಿತ್ರೆ ಎಂದರೆ, ಅದರ ಖರ್ಚನ್ನು ಯಾರು ಯಾರು ಹೊತ್ತರು ಎಂಬುದರ ಚರಿತ್ರೆಯೇ ಆಗಿದೆ. ಅದನ್ನು ತಿಳಿದವರು ತಮ್ಮ ಮನೆಯ ಅಂದಾಜುಪಟ್ಟಿಯನ್ನು ಸ್ವಲ್ಪ ಬೇರೆ ರೀತಿಯಲ್ಲಿ ಬರೆದಾರೆಂಬ ನಂಬಿಕೆಯಿಂದ ಈ ನಾಲ್ಕು ಮಾತು.

ಊರಿನ ಬಚ್ಚಲು

ನಮ್ಮ ಹಿರಿಯರು ಬಿಟ್ಟುಬಂದ ಊರುಗಳಲ್ಲಿ ಬಚ್ಚಲುಮನೆ ಎಂದರೆ ಸಾಮಾನ್ಯವಾಗಿ ಹಿತ್ತಲ ಕಡೆಯ ಒಂದು ಮಬ್ಬು ಕೋಣೆ. ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಮಣ್ಣಿನಿಂದ ಕಟ್ಟಿ ಕೂಡಿಸಿದ ಹಂಡೆ, ಕುಳಿತು ಮೀಯಲು ಒಂದು ಚಪ್ಪಡಿ ಕಲ್ಲು, ನೀರು ಹೊರಹೋಗಲು ಗೋಡೆಯ ಬುಡದಲ್ಲಿ ಒಂದು ಕಿಂಡಿ. ಆ ನೀರು ಬಾಳೆಯ ಬುಡಕ್ಕೋ ಕೆಸುವಿನ ಪಾತಿಗೋ ಹರಿದುಹೋಗುತ್ತಿತ್ತು. ಒಲೆಯ ಬೂದಿ ಪಾತ್ರೆ ತಿಕ್ಕಲು ಬರುತ್ತಿತ್ತು. ವರ್ಷಕ್ಕೊಮ್ಮೆ, ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬ. ಅಂದು ಬಚ್ಚಲನ್ನು ಉಜ್ಜಿ ತೊಳೆದು, ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬರೆದು, ಕರಾವಳಿ-ಮಲೆನಾಡಿನ ಕಡೆಯಾದರೆ ಹಿಂಡಲೆಕಾಯಿಯ ಬಳ್ಳಿ ಸುತ್ತಿ, ಹೊಸ ನೀರು ತುಂಬುತ್ತಿದ್ದರು. ಬಿರುಕು ಬಿಟ್ಟ ಒಲೆ, ಅಲುಗಾಡುವ ಕಲ್ಲು, ಕಟ್ಟಿಕೊಂಡ ಕಿಂಡಿ ಎಲ್ಲವೂ ಆ ನೆಪದಲ್ಲಿ ಕಣ್ಣಿಗೆ ಬಿದ್ದು ಸರಿಹೋಗುತ್ತಿದ್ದವು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ವಾರ್ಷಿಕ ದುರಸ್ತಿಯೇ. ಅದಕ್ಕೆ ಪೂಜೆಯ ಹೆಸರಿತ್ತು, ಅಷ್ಟೆ.

ಇದಕ್ಕೆ ಕೈಯಿಂದ ಬಿಚ್ಚುವ ರೊಕ್ಕ ತೀರ ಕಡಿಮೆ. ಆದರೆ ರೊಕ್ಕ ಬೇಡದ ಕೆಲಸವೆಲ್ಲ ಖರ್ಚಿಲ್ಲದ ಕೆಲಸವಲ್ಲ. ಬಾವಿಯಿಂದ ಕೊಡಗಟ್ಟಲೆ ನೀರು ಸೇದಿ ಹಂಡೆ ತುಂಬಿದವರು, ಹಸಿ ಸೌದೆಯ ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ಉರಿ ಹಚ್ಚಿದವರು ಮನೆಯ ಹೆಂಗಸರು. ಪೇಟೆಗಳಲ್ಲಿ ಪಾಯಿಖಾನೆಯ ಮಲವನ್ನು ತಲೆಯ ಮೇಲೆ ಹೊತ್ತು ಸಾಗಿಸಿದವರು ಜಾತಿಯ ಕಾರಣಕ್ಕಾಗಿ ಆ ಕೆಲಸಕ್ಕೆ ಕಟ್ಟುಬಿದ್ದವರು. ಈ ಎರಡು ದುಡಿಮೆಗಳ ಬೆಲೆ ಯಾವ ಮನೆಯ ಕೀರ್ದಿಯಲ್ಲಿಯೂ ಬರೆಯಲ್ಪಟ್ಟಿಲ್ಲ. ಹಳೆಯ ಬಚ್ಚಲು ಅಗ್ಗವಾಗಿತ್ತೆಂದು ಹೇಳುವಾಗ ಈ ಮಾತನ್ನು ಮರೆಯಬಾರದು.

ನೀರು ಬಂತು, ದಾರಿ ಬರಲಿಲ್ಲ

ಮುಂಬಯಿಗೆ ಬಂದ ನಮ್ಮವರಿಗೆ ಎದುರಾದದ್ದು ಬೇರೆಯೇ ಲೋಕ. ಈ ನಗರ ಬಹುಕಾಲ ಕೆರೆ-ಬಾವಿಗಳ ನೀರಿನಿಂದಲೇ ಬದುಕಿತ್ತು. 1860ರಲ್ಲಿ ವಿಹಾರ ಸರೋವರದ ನೀರು ಕೊಳವೆಯ ಮೂಲಕ ನಗರಕ್ಕೆ ಬಂತು. 1879ರಲ್ಲಿ ತುಳಸಿ, 1892ರಲ್ಲಿ ತಾನ್ಸಾ ಅದಕ್ಕೆ ಜೊತೆಯಾದವು. ಆದರೆ ನೀರು ಒಳಬಂದಷ್ಟು ಬೇಗ ಅದು ಹೊರಹೋಗುವ ದಾರಿ ಬರಲಿಲ್ಲ. ನಲ್ಲಿ ಎಲ್ಲರ ಕಣ್ಣಿಗೆ ಕಾಣುವಂಥದು, ಚರಂಡಿ ಯಾರಿಗೂ ಕಾಣದ್ದು. ಕಾಣುವುದಕ್ಕೆ ಮೊದಲು ಹಣ ಸಿಕ್ಕಿತು, ಕಾಣದ್ದು ಹಿಂದೆ ಉಳಿಯಿತು. ಒಂದು ನಗರ ಮಾಡಿದ ಈ ಲೆಕ್ಕವನ್ನೇ ಮುಂದೆ ಒಂದೊಂದು ಸಂಸಾರವೂ ತನ್ನ ನಾಲ್ಕಡಿ-ಆರಡಿ ಬಾತ್‌ರೂಮಿನಲ್ಲಿ ಮಾಡುತ್ತ ಬಂದಿದೆ.

1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಆಗ ಸರಕಾರದ ಕಣ್ಣು ಮೊದಲ ಸಲ ಬಡವರ ಮನೆಯ ಮೋರಿಯ ಮೇಲೆ ಬಿತ್ತು. ಅಧಿಕಾರಿಗಳು ಮನೆಗಳನ್ನು ಹೊಕ್ಕು, ಗೋಡೆಗೆ ಸುಣ್ಣ ಬಳಿಸಿ, ಚರಂಡಿಗಳಿಗೆ ನೀರು ಹಾಯಿಸಿ, ಗಾಳಿ-ಬೆಳಕಿಲ್ಲದ ಕೋಣೆಗಳ ಮಾಡು ತೆಗೆಸಿದರು. ಜನ ಹೆದರಿ ಸಾವಿರಗಟ್ಟಲೆಯಾಗಿ ಊರು ಬಿಟ್ಟು ಓಡಿದರು. ಇದರ ಫಲವಾಗಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿತು. ಇಕ್ಕಟ್ಟಾದ ಕೇರಿಗಳನ್ನು ಕೆಡವಿ ರಸ್ತೆ ಮಾಡಿತು. ದಾದರ್, ಮಾಟುಂಗಾ ಕಡೆ ಹೊಸ ನಿವೇಶನಗಳನ್ನು ಬಿಡಿಸಿತು. 1920ರ ದಶಕದಲ್ಲಿ ಮುಂಬಯಿ ಅಭಿವೃದ್ಧಿ ಇಲಾಖೆ ವರಳಿ, ನಾಯಗಾಂವ್, ಲೋವರ್ ಪರೇಲ್, ಶಿವಡಿಗಳಲ್ಲಿ ಗಿರಣಿ ಕೆಲಸಗಾರರಿಗೆಂದು ಸಿಮೆಂಟಿನ ಚಾಳುಗಳನ್ನು ಕಟ್ಟಿತು. ಅವೇ ಬಿ.ಡಿ.ಡಿ. ಚಾಳುಗಳು. ಒಂದು ಸಂಸಾರಕ್ಕೆ 160 ಚದರಡಿಯ ಒಂದು ಕೋಣೆ. ಶೌಚಕ್ಕೆ ಮಹಡಿಗೊಂದು ಸಾಮೂಹಿಕ ಸಾಲು. ಬೆಳಗಿನ ಜಾವದಲ್ಲಿ ಬಕೀಟು ಹಿಡಿದು ಸರದಿಯಲ್ಲಿ ನಿಂತವರ ದಣಿವನ್ನು, ಕತ್ತಲಿರುವಾಗಲೇ ಎದ್ದು ಹೋಗಿಬರಬೇಕಾದ ಹೆಣ್ಣುಮಕ್ಕಳ ಮುಜುಗರವನ್ನು ಯಾವ ಇಲಾಖೆಯೂ ಅಂದಾಜುಪಟ್ಟಿಯಲ್ಲಿ ಸೇರಿಸಿರಲಿಲ್ಲ.

ಮೋರಿ ಮತ್ತು ಶಹಾಬಾದಿನ ಕಲ್ಲು

ಚಾಳಿನ ಕೋಣೆಯಲ್ಲಿ ಬಚ್ಚಲಿನ ಸ್ಥಾನವನ್ನು ಹಿಡಿದದ್ದು ಮೋರಿ. ಕೋಣೆಯ ಒಂದು ಮೂಲೆಯಲ್ಲಿ ಗೇಣುದ್ದದ ಕಟ್ಟೆ, ಅದರೊಳಗೆ ಮೂರು ಅಡಿ ಜಾಗ. ಪಾತ್ರೆ ತೊಳೆಯುವುದೂ ಅಲ್ಲೇ, ಬಟ್ಟೆ ಒಗೆಯುವುದೂ ಅಲ್ಲೇ, ಸೀರೆಯ ಮರೆ ಕಟ್ಟಿ ಮೀಯುವುದೂ ಅಲ್ಲೇ. ಮರಾಠಿಯಲ್ಲಿ ಮೀಯುವ ಜಾಗಕ್ಕೆ ನ್ಹಾಣಿ ಎನ್ನುತ್ತಾರೆ. ಇಂದು ಪ್ಲಂಬರ್ ತರುವ ನಹಾಣಿ ಟ್ರ್ಯಾಪ್ ಎಂಬ ಬಟ್ಟಲಿನ ಹೆಸರಿನಲ್ಲಿ ಕೇಳಿಬರುವುದು ಅದೇ ಮಾತು. ಈ ಬಟ್ಟಲಿನಲ್ಲಿ ಸದಾ ಎರಡು ಅಂಗುಲದಷ್ಟು ನೀರು ನಿಂತಿರಬೇಕು. ಚರಂಡಿಯ ದುರ್ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು ಆ ನಿಂತ ನೀರೇ.

ಈ ಮೋರಿಯ ನೆಲಕ್ಕೆ ಹಾಸುತ್ತಿದ್ದ ಬೂದುಬಣ್ಣದ ಚಪ್ಪಡಿಗೆ ಮುಂಬಯಿ-ಪುಣೆಗಳಲ್ಲಿ ಶಹಾಬಾದಿ ಫರಶಿ ಎಂದು ಹೆಸರು. ಶಹಾಬಾದ್ ನಮ್ಮ ಕಲಬುರಗಿ ಜಿಲ್ಲೆಯ ಊರು. ಅಲ್ಲಿನ ಸುಣ್ಣಕಲ್ಲು ಪದರು ಪದರಾಗಿ ಏಳುವುದರಿಂದ ಹೆಚ್ಚು ಕೆತ್ತನೆಯಿಲ್ಲದೆ ಚಪ್ಪಡಿಯಾಗುತ್ತದೆ. 1871ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ರಾಯಚೂರನ್ನು ಮುಟ್ಟಿ ಮದರಾಸಿನ ಹಳಿಯನ್ನು ಕೂಡಿಕೊಂಡಿತು. ಶಹಾಬಾದ್ ಆ ದಾರಿಯ ಮೇಲೆಯೇ ಇದ್ದುದರಿಂದ ಕಲ್ಲಿಗೆ ಮುಂಬಯಿಯ ಬಾಗಿಲು ತೆರೆಯಿತು. ಆಗ ಆ ಪ್ರದೇಶ ನಿಜಾಮರ ರಾಜ್ಯದಲ್ಲಿತ್ತು. 1956ರಲ್ಲಿ ಕನ್ನಡ ನಾಡಿಗೆ ಸೇರಿತು. ಕಲ್ಲು ಮಾತ್ರ ಅದಕ್ಕಿಂತ ಮೊದಲೇ ಮುಂಬಯಿಯ ಮೋರಿಗಳಲ್ಲಿ ಬಿಡಾರ ಮಾಡಿತ್ತು. ಊರು ಬಿಟ್ಟು ಬಂದ ಕನ್ನಡಿಗನಿಗೆ ಪರಸ್ಥಳದಲ್ಲಿ ಮೊದಲು ಕಾಲಿಗೆ ತಾಗಿದ್ದು ತನ್ನ ನಾಡಿನ ಕಲ್ಲೇ ಎಂದರೆ ಬಹಳ ಮನೆಗಳ ಮಟ್ಟಿಗೆ ಸುಳ್ಳಾಗದು. ಇದು ಅಗ್ಗ, ಗಟ್ಟಿ, ಒರಟಾಗಿರುವುದರಿಂದ ಜಾರುವುದೂ ಕಡಿಮೆ. ಒಂದೇ ಎಚ್ಚರಿಕೆ: ಇದು ಸುಣ್ಣದ ಜಾತಿಯ ಕಲ್ಲಾದುದರಿಂದ ಆಸಿಡ್ ಸುರಿದು ತೊಳೆದರೆ ಹೊಳಪಾಗುವ ಬದಲು ಸವೆಯುತ್ತದೆ, ಸಂದಿನ ಸಿಮೆಂಟೂ ತಿಂದುಹೋಗುತ್ತದೆ.

ಕೂಡಿ ಹಾಕಿದ ಹಣ

ಖರ್ಚನ್ನು ಹೊರುವ ಬಗೆಯಲ್ಲಿ ಹೊಸ ದಾರಿ ತೋರಿದವರು ಕೆನರಾ ಸೀಮೆಯಿಂದಲೇ ಬಂದವರೆಂಬುದು ನಮಗೆ ಅಭಿಮಾನದ ಸಂಗತಿ. ಚಿತ್ರಾಪುರ ಸಾರಸ್ವತ ಸಮಾಜದ ರಾವ್ ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಾಲಮಕಿಯವರು 1906ರಲ್ಲಿ ಶಾಮರಾವ್ ವಿಠಲ ಸಹಕಾರಿ ಬ್ಯಾಂಕನ್ನು ಹುಟ್ಟುಹಾಕಿದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಆರಂಭವಾದದ್ದೂ ಅವರ ಪ್ರಯತ್ನದಿಂದಲೇ. ಬೇರೆ ಬೇರೆ ಬಾಡಿಗೆದಾರರಾಗಿ ಒಬ್ಬ ಮಾಲಿಕನ ಮರ್ಜಿ ಕಾಯುವ ಬದಲು, ಬಾಡಿಗೆದಾರರೇ ಕೂಡಿ ಮಾಲಿಕರಾಗುವುದು ಅದರ ಮೂಲತತ್ತ್ವ. ಇದರಲ್ಲಿ ಮನೆ ಸಿಕ್ಕಿತು ಎಂಬುದಷ್ಟೇ ದೊಡ್ಡ ಮಾತಲ್ಲ. ಕೊಳವೆ, ಚರಂಡಿ, ಮಾಳಿಗೆ ಎಂದಾದರೊಂದು ದಿನ ಕೆಡುತ್ತವೆ, ಅದಕ್ಕೆ ಇಂದಿನಿಂದಲೇ ಎಲ್ಲರೂ ಸ್ವಲ್ಪ ಸ್ವಲ್ಪ ತೆಗೆದಿಡಬೇಕು ಎಂಬ ಶಿಸ್ತು ಸಹಕಾರದ ಮೂಲಕ ಮನೆಯ ಲೆಕ್ಕಕ್ಕೆ ಬಂದದ್ದು ಹೆಚ್ಚಿನ ಮಾತು. ಇಂದು ಮಹಾರಾಷ್ಟ್ರದ ಸಹಕಾರಿ ಸೊಸೈಟಿಗಳ ಮಾದರಿ ಉಪನಿಯಮಗಳಲ್ಲಿ ಕಟ್ಟಡದ ನಿರ್ಮಾಣವೆಚ್ಚದ ಮೇಲೆ ವರ್ಷಕ್ಕೆ ಶೇಕಡಾ 0.75 ದುರಸ್ತಿ ನಿಧಿಗೆ, ಕನಿಷ್ಠ ಶೇಕಡಾ 0.25 ಸಿಂಕಿಂಗ್ ಫಂಡಿಗೆ ತೆಗೆದಿಡಬೇಕೆಂದು ಹೇಳಿರುವುದು ಇದೇ ಶಿಸ್ತಿನ ಮುಂದುವರಿಕೆ.

ಇತ್ತ ಮಾಟುಂಗಾ-ದಾದರ್ ಕಡೆ 1930ರ ದಶಕದಲ್ಲಿ ಎದ್ದ ಮೂರು-ನಾಲ್ಕು ಮಹಡಿಯ ಕಟ್ಟಡಗಳಲ್ಲಿ ದಕ್ಷಿಣದಿಂದ ಬಂದ ಗುಮಾಸ್ತ ಸಂಸಾರಗಳು ನೆಲೆಯೂರಿದವು. ಅಲ್ಲಿನ ಬ್ಲಾಕುಗಳ ಹೆಚ್ಚುಗಾರಿಕೆ ಏನೆಂದರೆ ಸ್ನಾನದ ಮನೆ, ಸಂಡಾಸು ಎರಡೂ ಸಂಸಾರದ ಒಳಗೇ ಬಂದವು. ಅಡುಗೆಮನೆಯ ಗೋಡೆಯಾಚೆಗೇ ಸಂಡಾಸು ಎಂದರೆ ಮಡಿ-ಮೈಲಿಗೆಯ ಮನಸ್ಸಿಗೆ ಮೊದಮೊದಲು ಒಗ್ಗದ ಮಾತು. ಆದರೂ ಸರದಿ ತಪ್ಪಿತಲ್ಲ ಎಂಬ ಸಮಾಧಾನ ಎಲ್ಲಕ್ಕಿಂತ ದೊಡ್ಡದಾಯಿತು.

ಬಾಡಿಗೆದಾರನೇ ಗೌಂಡಿಯ ಯಜಮಾನ

1947ರಲ್ಲಿ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆ ಬಂತು; ಬಾಡಿಗೆಗಳು 1940ರ ಮಟ್ಟದಲ್ಲಿ ನಿಂತುಬಿಟ್ಟವು. ಕಡಿಮೆ ಸಂಬಳದ ಸಂಸಾರಗಳು ಈ ನಗರದಲ್ಲಿ ಉಳಿದದ್ದು ಈ ಕಾಯಿದೆಯಿಂದಲೇ ಎಂಬುದನ್ನು ಒಪ್ಪಲೇಬೇಕು. ಆದರೆ ತಿಂಗಳಿಗೆ ಬರುವ ಹತ್ತಿಪ್ಪತ್ತು ರೂಪಾಯಿ ಬಾಡಿಗೆಯಲ್ಲಿ ಮಾಲಿಕ ಕೊಳವೆ ಬದಲಿಸುವುದೆಲ್ಲಿಂದ? ಆತ ಕೈಚೆಲ್ಲಿದ. 1969ರ ಕಾಯಿದೆಯ ಮೇರೆಗೆ ಹಳೆಯ ಕಟ್ಟಡಗಳ ದುರಸ್ತಿಗೆಂದು ಮಂಡಳಿ ರಚಿತವಾಗಿ ಸೆಸ್ ವಸೂಲಾಗತೊಡಗಿತು. ಅದರ ಗಮನ ಕಟ್ಟಡ ಬೀಳದಂತೆ ನೋಡಿಕೊಳ್ಳುವ ತೊಲೆ-ಕಂಬಗಳ ಕಡೆಗೆ. ಮನೆಯೊಳಗಿನ ಮೋರಿಯ ಅಂದಚೆಂದ ಅದರ ಕೆಲಸವಲ್ಲ. ಹೀಗೆ ಬಚ್ಚಲಿನ ಖರ್ಚು ಯಾರ ಪಾಲಿಗೂ ಸೇರದೆ ಕೊನೆಗೆ ಬಾಡಿಗೆದಾರನ ಮಡಿಲಿಗೆ ಬಿತ್ತು. ಮನೆಯವರೇ ನಿಂತು, ಸಾಮಾನು ತಾವೇ ತಂದು, ರವಿವಾರದ ರಜೆಯಲ್ಲಿ ಕೈಜೋಡಿಸಿ ಬಾತ್‌ರೂಮು ಮಾಡಿಸಿಕೊಳ್ಳುವ ಮುಂಬಯಿಯ ರೂಢಿಗೆ ಇದೇ ಬಲವಾದ ಮೂಲ. ಅದು ಹವ್ಯಾಸವಲ್ಲ, ಅನಿವಾರ್ಯ.

ಅದರಲ್ಲೂ ಭಯವಿತ್ತು. ಮಾಲಿಕನ ಲಿಖಿತ ಒಪ್ಪಿಗೆಯಿಲ್ಲದೆ ಕಾಯಂ ಕಟ್ಟಡ ಎಬ್ಬಿಸಿದರೆ ಮನೆ ಬಿಡಿಸಲು ಕಾಯಿದೆ ಆಸ್ಪದ ಕೊಡುತ್ತಿತ್ತು. ಮೋರಿಯ ಕಟ್ಟೆಯನ್ನು ಎದೆಮಟ್ಟ ಏರಿಸುವುದು, ಒಂದು ಬಾಗಿಲು ಕೂಡಿಸುವುದು, ಮೇಲೆ ಸಾಮಾನಿಡುವ ಅಟ್ಟ ಮಾಡುವುದು ಎಲ್ಲವೂ ಹೆಜ್ಜೆ ಹೆಜ್ಜೆಯಾಗಿ, ವರ್ಷಕ್ಕೊಂದರಂತೆ ಆದವು. ಹಳೆಯ ಕಾಯಿದೆಯ ಬದಲು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 2000ದ ಮಾರ್ಚ್ 31ರಿಂದ ಜಾರಿಗೆ ಬಂದರೂ, ಪಗಡಿಯ ಮನೆಗಳಲ್ಲಿ ಇರುವವರಿಗೆ ಕಾಗದ-ಪತ್ರ ನೋಡಿಯೇ ಸುತ್ತಿಗೆ ಎತ್ತಬೇಕೆಂಬ ಮಾತು ಇಂದಿಗೂ ಸಲ್ಲುತ್ತದೆ.

ಸಾಮಾನಿನ ಕಥೆಯೂ ಸುಲಭದ್ದಲ್ಲ. ಸಿಮೆಂಟಿಗೆ ದೀರ್ಘಕಾಲ ಸರಕಾರದ ನಿಯಂತ್ರಣವಿತ್ತು. 1970ರ ದಶಕದಲ್ಲಿ ನಾಲ್ಕು ಚೀಲ ಬೇಕಾದರೂ ಪರ್ಮಿಟ್ಟಿನ ಮಾತು ಬರುತ್ತಿತ್ತು. ಸಿಮೆಂಟು ಹಂಚಿಕೆಯ ಹಗರಣದಲ್ಲಿ 1982ರ ಜನವರಿಯಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಅಂತುಲೆಯವರು ರಾಜೀನಾಮೆ ಕೊಡಬೇಕಾಗಿ ಬಂದುದನ್ನು ಹಿರಿಯ ಓದುಗರು ಮರೆತಿರಲಾರರು. ಆ ವರ್ಷವೇ ನಿಯಂತ್ರಣ ಭಾಗಶಃ ಸಡಿಲಾಗಿ, 1989ರಲ್ಲಿ ಪೂರ್ತಿ ತೆಗೆದುಹಾಕಲ್ಪಟ್ಟಿತು. ಅಂದು ಬಾತ್‌ರೂಮಿನ ಅಂದಾಜು ಕೆಡುತ್ತಿದ್ದುದು ಸಾಮಾನು ಸಿಗದೆ. ಇಂದು ಕೆಡುವುದು ಸಾಮಾನು ಮಿತಿಮೀರಿ ಸಿಗುವುದರಿಂದ. ಆರಂಗುಲದ ಬಿಳಿಯ ಟೈಲು ಒಂದೇ ಇದ್ದಾಗ ಅಂಗಡಿಯಲ್ಲಿ ಕಾಲು ಗಂಟೆ ಸಾಕಾಗುತ್ತಿತ್ತು. ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ಬರುವ ಬಣ್ಣ ಬಣ್ಣದ ಟೈಲುಗಳ ಮುಂದೆ ನಿಂತಾಗ ಇಂದು ಕಣ್ಣು ಸೋಲುತ್ತದೆ, ಕೈ ಜಾರುತ್ತದೆ.

ಕೆಳಗಿನ ಮನೆಯ ಮಾಡು

1963ರ ಓನರ್‌ಶಿಪ್ ಫ್ಲಾಟುಗಳ ಕಾಯಿದೆಯ ನಂತರ ಬೋರಿವಲಿ, ಮುಲುಂಡ್, ಡೊಂಬಿವಲಿಗಳತ್ತ ನಮ್ಮವರು ಭಿಶಿ ಎತ್ತಿ, ಪ್ರಾವಿಡೆಂಟ್ ಫಂಡಿನಿಂದ ಸಾಲ ತೆಗೆದು ಸ್ವಂತ ಫ್ಲಾಟು ಕೊಂಡರು. ಊರಿನಲ್ಲಿ ನಮ್ಮ ಬಚ್ಚಲಿನ ಕೆಳಗೆ ಭೂಮಿ ಇತ್ತು. ಫ್ಲಾಟಿನಲ್ಲಿ ನಮ್ಮ ಬಚ್ಚಲಿನ ಕೆಳಗೆ ಇನ್ನೊಬ್ಬರ ತಲೆ ಇದೆ. ಈ ಒಂದು ವ್ಯತ್ಯಾಸವೇ ಇಡೀ ಅಂದಾಜುಪಟ್ಟಿಯನ್ನು ಬದಲಿಸುತ್ತದೆ. ಸಂಡಾಸು, ಬಚ್ಚಲು, ಸಿಂಕಿನಿಂದ ಆಗುವ ಒಳಗಿನ ಸೋರಿಕೆಯನ್ನು ಸದಸ್ಯ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು, ಮಾಳಿಗೆ ಮತ್ತು ಹೊರಗೋಡೆಯ ಮಳೆನೀರಿನ ಸೋರಿಕೆ ಸೊಸೈಟಿಯ ಹೊಣೆ ಎಂಬುದು ಮಾದರಿ ಉಪನಿಯಮಗಳ ಸಾರಾಂಶ. ಈ ಗೆರೆಯನ್ನು ತಿಳಿಯದೆ ವರ್ಷಗಟ್ಟಲೆ ಮಾತು ಬಿಟ್ಟ ನೆರೆಹೊರೆಯವರು ನಮ್ಮ ನಡುವೆ ಎಷ್ಟಿಲ್ಲ!

ಸೋರಿಕೆಗೆ ಮದ್ದು ಟೈಲಿನಲ್ಲಿಲ್ಲ, ಟೈಲಿನ ಕೆಳಗಿದೆ. ಇದು ಹೊಸ ತಿಳಿವಳಿಕೆಯೂ ಅಲ್ಲ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಮೊಹೆಂಜೊದಾರೊದಲ್ಲಿ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲದ ಸ್ನಾನದ ಕೊಳ ಕಟ್ಟಿದವರು ಇಟ್ಟಿಗೆಗಳನ್ನು ಒತ್ತೊತ್ತಾಗಿ ಜಿಪ್ಸಮ್ ಗಾರೆಯಲ್ಲಿ ಕೂಡಿಸಿ, ಹಿಂಬದಿಗೆ ಕಲ್ಲರಗಿನ ಒಂದು ಪದರು ಕೊಟ್ಟಿದ್ದರು. ಅಲ್ಲಿನ ಸಾಮಾನ್ಯ ಮನೆಗಳಲ್ಲಿಯೂ ಬಚ್ಚಲಿನ ಇಟ್ಟಿಗೆಯ ನೆಲ ಚರಂಡಿಯ ಕಡೆಗೆ ವಾಟವಾಗಿದೆ. ಅಗೆದು ನೋಡಿದವರಿಗೆ ಇಂದಿಗೂ ಕಾಣಸಿಕ್ಕಿರುವುದು ಆ ನೆಲ, ಆ ಚರಂಡಿ. ಮುಂಬಯಿಯ ಗೌಂಡಿಗಳು ಹಾಕುವ ಇಟ್ಟಿಗೆ ಚೂರಿನ ಕೋಬಾ ಅದೇ ವಿವೇಕದ ದೂರದ ಸಂತಾನ.

ಪಟ್ಟಿ ಬರೆಯುವ ಕ್ರಮ

ಆದುದರಿಂದ ಅಂದಾಜುಪಟ್ಟಿಯನ್ನು ಅಂಗಡಿಯಲ್ಲಿ ಅಲ್ಲ, ಮನೆಯಲ್ಲಿ ಕುಳಿತು, ಕೆಳಗಿನಿಂದ ಮೇಲಕ್ಕೆ ಬರೆಯಬೇಕು. ಮೊದಲು ಒಡೆಯುವ ಕೂಲಿ, ಒಡೆದ ಮಣ್ಣು-ಕಲ್ಲನ್ನು ಗೋಣಿಯಲ್ಲಿ ತುಂಬಿ ಕೆಳಗಿಳಿಸಿ ಸಾಗಿಸುವ ಖರ್ಚು. ಇದನ್ನು ಮರೆಯದವರು ಅಪರೂಪ. ಲಿಫ್ಟಿಲ್ಲದ ನಾಲ್ಕನೆಯ ಮಹಡಿಯಾದರೆ ಇದೇ ಒಂದು ದೊಡ್ಡ ಬಾಬು. ಅನಂತರ ನಹಾಣಿ ಟ್ರ್ಯಾಪು ಮತ್ತು ಹೊರಹೋಗುವ ಕೊಳವೆ. ಬಳಿಕ ನೀರಿಳಿಯದಂತೆ ಮಾಡುವ ಪದರು. ಅದಾದ ಮೇಲೆ ನೀರಿನ ಕೊಳವೆಗಳು. ತುಕ್ಕು ಹಿಡಿದು ಒಳಗೆ ಕಿರಿದಾದ ಹಳೆಯ ಜಿ.ಐ. ಕೊಳವೆಯನ್ನು ಗೋಡೆಯಲ್ಲೇ ಬಿಟ್ಟು ಮೇಲೆ ಹೊಸ ಟೈಲು ಹಚ್ಚಿದರೆ ಆ ಟೈಲನ್ನು ಎರಡನೆಯ ಸಲ ಕೊಂಡಂತೆಯೇ. ಅನಂತರ ಗೀಸರಿಗೆ ಬೇಕಾದ ವಿದ್ಯುತ್ ತಂತಿ ಮತ್ತು ಅರ್ತಿಂಗ್. ಈ ಕೆಲಸವನ್ನು ಪರವಾನಗಿ ಇರುವವರಿಂದಲೇ ಮಾಡಿಸತಕ್ಕದ್ದು. ಇಷ್ಟರ ಮೊತ್ತ ಹಾಕಿ ಗೆರೆ ಎಳೆದ ಮೇಲೆ ಉಳಿದ ಹಣದಲ್ಲಿ ಟೈಲು, ನಲ್ಲಿ, ಕನ್ನಡಿಗಳ ಮಾತು.

ಉಳಿತಾಯಕ್ಕೆ ಅಲ್ಲಿ ಬೇಕಾದಷ್ಟು ಜಾಗವಿದೆ. ಒಂದು ಉದಾಹರಣೆ ನೋಡೋಣ. ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಬಾತ್‌ರೂಮಿಗೆ ಏಳಡಿ ಎತ್ತರದವರೆಗೆ ಟೈಲು ಹಚ್ಚುವುದಾದರೆ, ಸುತ್ತಳತೆ 20 ಅಡಿ, ಗೋಡೆ 140 ಚದರಡಿ. ಎರಡೂವರೆ ಅಡಿಯ ಬಾಗಿಲು ಕಳೆದರೆ ಸುಮಾರು 122. ನೆಲದ 24 ಸೇರಿಸಿ 146. ತುಂಡಾಗಿ ಹಾಳಾಗುವುದಕ್ಕೆ ನೂರಕ್ಕೆ ಹತ್ತು ಕೂಡಿಸಿದರೆ 161 ಚದರಡಿ. ಅದರ ಬದಲು, ನೀರು ಬೀಳುವ ಒಂದು ನಾಲ್ಕಡಿಯ ಗೋಡೆಗೆ ಮಾತ್ರ ಏಳಡಿ, ಉಳಿದೆಡೆ ನಾಲ್ಕಡಿ ಹಚ್ಚಿ ಮೇಲೆ ಬಣ್ಣ ಬಳಿದರೆ 117 ಚದರಡಿ ಸಾಕು. ಸುಮಾರು 44 ಚದರಡಿ ಟೈಲು, ಅದನ್ನು ಹಚ್ಚುವ ಕೂಲಿ, ಸಿಮೆಂಟು ಎಲ್ಲ ಉಳಿಯಿತು. ಮನೆಗೆ ಇದರಿಂದ ಯಾವ ಕೊರತೆಯೂ ಆಗುವುದಿಲ್ಲ. ಆದರೆ ಇಷ್ಟೇ ಹಣವನ್ನು ನೀರಿಳಿಯದ ಪದರಿನಲ್ಲಿ ಉಳಿಸಿದರೆ ಅದರ ಬಡ್ಡಿಯನ್ನು ಕೆಳಗಿನ ಮನೆಯವರು ವಸೂಲು ಮಾಡುತ್ತಾರೆ.

ಇನ್ನೆರಡು ಮಾತು. ಟೈಲು ಹಾಕುವ ಮುನ್ನ ಕಿಂಡಿಯನ್ನು ಮುಚ್ಚಿ ನೆಲದ ಮೇಲೆ ನೀರು ಕಟ್ಟಿ ಎರಡು ದಿನ ಬಿಟ್ಟು, ಕೆಳಗಿನ ಮನೆಯವರನ್ನು ಕರೆದು ಅವರ ಮಾಡು ತೋರಿಸಿಕೊಳ್ಳಬೇಕು. ಇದಕ್ಕೆ ಖರ್ಚಿಲ್ಲ, ನೆರೆಹೊರೆಯ ಸ್ನೇಹ ಉಳಿಯುತ್ತದೆ. ನೆಲದ ವಾಟ ಆರಡಿಗೆ ಸುಮಾರು ಒಂದು ಅಂಗುಲ ಇರಲಿ; ಹಳೆಯ ಟೈಲಿನ ಮೇಲೆಯೇ ಹೊಸದನ್ನು ಹಾಸುವ ಅಗ್ಗದ ಉಪಾಯದಲ್ಲಿ ಈ ವಾಟವೇ ಮೊದಲು ಕೆಡುತ್ತದೆ, ಹಳೆಯ ಸೋರಿಕೆಯೂ ಒಳಗೇ ಉಳಿಯುತ್ತದೆ. ಇನ್ನು ಒಟ್ಟು ಕೂಡಿಟ್ಟ ಹಣವನ್ನು ಐದು ಪಾಲು ಮಾಡಿ, ನಾಲ್ಕು ಪಾಲಿಗೆ ಪಟ್ಟಿ ಬರೆದು, ಐದನೆಯದನ್ನು ಮುಟ್ಟದೆ ಇಡುವುದು ಜಾಣತನ. ಗೋಡೆ ಒಡೆದ ಮೇಲೆ ಒಳಗೇನಿದೆ ಎಂಬುದನ್ನು ಒಡೆಯುವ ಮುಂಚೆ ಹೇಳಬಲ್ಲವರು ಯಾರೂ ಇಲ್ಲ.

ಬರೆಯದೆ ಬಿಟ್ಟ ಬಾಬು

ಮನೆಯವರೇ ನಿಂತು ಮಾಡಿಸುವುದು ಎಂದಾಗಲೂ ಸುತ್ತಿಗೆ ಹಿಡಿಯುವ ಕೈ ಬಹುಮಟ್ಟಿಗೆ ಬೇರೆಯವರದೇ. ಮುಂಬಯಿ, ಪುಣೆಗಳ ನಾಕಾಗಳಲ್ಲಿ ಬೆಳಿಗ್ಗೆ ಕೂಲಿಗಾಗಿ ಕಾದು ನಿಂತವರ ನಡುವೆ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕನ್ನಡ ಕೇಳಿಬರುವುದು ನಮಗೆಲ್ಲ ತಿಳಿದದ್ದೇ. ಕಲ್ಲು ಬಂದ ಹಳಿಯ ಮೇಲೆಯೇ ಅವರೂ ಬಂದವರು. ನಮ್ಮ ಸಂಘದ ಸಭೆಗಳಲ್ಲಿ ಅವರ ಮುಖ ಕಾಣುವುದು ಕಡಿಮೆ. ನಮ್ಮ ಬಾತ್‌ರೂಮುಗಳಲ್ಲಿ ಅವರ ಕೈಗೆಲಸ ಇದೆ. ಪಟ್ಟಿಯಲ್ಲಿ ಹಣ ಸಾಲದಾದಾಗ ಮೊದಲು ಚೌಕಾಸಿಗೆ ಸಿಗುವುದು ಅವರ ಕೂಲಿಯೇ, ಇಟಲಿಯ ಹೆಸರಿಟ್ಟ ನಲ್ಲಿಯ ಬೆಲೆಯಲ್ಲ. ಇದು ಯೋಚಿಸತಕ್ಕ ವಿಷಯ.

ಇನ್ನೊಂದು ಬಾಬು ಅದಕ್ಕಿಂತ ಹಳೆಯದು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರ ಮುಂದಾಳುತನದಲ್ಲಿ ಕರ್ನಾಟಕವು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿತು. ಇಡೀ ದೇಶಕ್ಕೆ ಆ ಬಗೆಯ ಕಾಯಿದೆ ಬಂದದ್ದು 1993ರಲ್ಲಿ. ಅದಕ್ಕಿಂತ ಬಿಗಿಯಾದ ಕಾಯಿದೆ 2013ರಲ್ಲಿ. ಆದರೂ ಮ್ಯಾನ್‌ಹೋಲಿಗೆ ಇಳಿದು ಉಸಿರುಗಟ್ಟಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ನಿಂತಿಲ್ಲ. ನಮ್ಮ ಬಚ್ಚಲಿನ ಕೊಳವೆ ನಮ್ಮ ಹೊಸ್ತಿಲಲ್ಲಿ ಮುಗಿಯುವುದಿಲ್ಲ. ಸೊಸೈಟಿಯ ಚರಂಡಿ ತೆಗೆಸುವಾಗ ಯಂತ್ರದವರು ಹೆಚ್ಚು ಹಣ ಕೇಳುತ್ತಾರೆಂದು ಕೈಯಿಂದ ತೆಗೆಯುವವನನ್ನು ಕರೆಯುವ ಪ್ರಸ್ತಾಪ ಬಂದರೆ, ಸಭೆಯಲ್ಲಿ ಎದ್ದು ನಿಂತು ಬೇಡವೆನ್ನುವುದು ನಮ್ಮ ಕರ್ತವ್ಯ. ಅಜ್ಜಂದಿರ ಕೀರ್ದಿಯಲ್ಲಿ ಬರೆಯದೆ ಬಿಟ್ಟ ಖರ್ಚನ್ನು ಈಗಲಾದರೂ ನಾವು ಬರೆಯಬೇಕು.

2025ರ ಆಗಸ್ಟಿನಲ್ಲಿ ವರಳಿಯ ಬಿ.ಡಿ.ಡಿ. ಚಾಳುಗಳ ಜಾಗದಲ್ಲಿ ಎದ್ದ ಹೊಸ ಗೋಪುರಗಳ 556 ಮನೆಗಳ ಕೀಲಿಗಳನ್ನು ಮೊದಲ ತಂಡದ ನಿವಾಸಿಗಳಿಗೆ ಕೊಡಲಾಯಿತು. 160 ಚದರಡಿಯಲ್ಲಿ ಮೂರು ತಲೆಮಾರು ಕಳೆದವರಿಗೆ 500 ಚದರಡಿಯ ಮನೆ, ಒಳಗೇ ಸ್ನಾನ-ಶೌಚದ ಅನುಕೂಲ. ನೂರು ವರ್ಷದ ಸರದಿ ಅವರ ಪಾಲಿಗೆ ಮುಗಿಯಿತು. ಉಳಿದವರಾದ ನಮ್ಮ ಮನೆಗಳಲ್ಲಿ ಊರಿನಿಂದ ಬಂದಿರುವ ವಯಸ್ಸಾದ ತಾಯಿ-ತಂದೆಯರಿದ್ದಾರೆ, ಅಥವಾ ನಾವೇ ಆ ವಯಸ್ಸಿಗೆ ಬಂದಿದ್ದೇವೆ. ಅವರಿಗೆ ಬೇಕಾದದ್ದು ಕಾಲು ಜಾರದ ನೆಲ, ಎದ್ದು ನಿಲ್ಲಲು ಗೋಡೆಗೆ ಗಟ್ಟಿಯಾಗಿ ಹೂಡಿದ ಒಂದು ಹಿಡಿ, ರಾತ್ರಿ ಕೈಗೆ ಸಿಗುವ ಒಂದು ಸ್ವಿಚ್ಚು. ಪಟ್ಟಿಯಲ್ಲಿ ಇವು ಮೂರೂ ಸಣ್ಣ ಬಾಬುಗಳು. ಮುಂದಿನ ದೀಪಾವಳಿಗೆ ನೀರು ತುಂಬಲು ಹಂಡೆ ಇಲ್ಲದ ಮನೆಯಲ್ಲಿ ಬಕೀಟಿಗಾದರೂ ಕುಂಕುಮವಿಡುವ ನಮ್ಮ ಹೆಂಗಸರು ಆ ದಿನವೇ ಟ್ರ್ಯಾಪಿನ ಬಟ್ಟಲು ತೆಗೆಸಿ, ಸಂದಿನ ಸಿಮೆಂಟು ನೋಡಿ, ಪುಸ್ತಕದಲ್ಲಿ ಒಂದು ಸಾಲು ಬರೆದಿಡುವ ರೂಢಿ ಮಾಡಿದರೆ ಎಷ್ಟೋ ಮನೆಗಳಲ್ಲಿ ಗೋಡೆ ಒಡೆಸುವ ಪ್ರಸಂಗವೇ ಬರಲಿಕ್ಕಿಲ್ಲ.